ಎರಡು ಸುಳಿಯ ತಲೆ

ಆ ಬೀದಿಯವರು ಅವನಿಗೆ ಗುಬ್ಬಿ ಎಂದು ಹೆಸರಿಟ್ಟದ್ದು ಅವನ ಸಣ್ಣ ದನಿಯನ್ನು ಕೇಳಿ. ಜೊತೆಗಾರನಿಗೆ ಗಂಟೆ ಎಂದು. ಗಂಟೆ ಬಾಯಿ ತೆರೆದರೆ ಬೀದಿಯ ಕೊನೆಯಲ್ಲಿ ಮೇಯುತ್ತಿದ್ದ ದನ ಕತ್ತೆತ್ತಿ ನೋಡುತ್ತಿತ್ತು. ಇಬ್ಬರೂ ಬಿಳಿ ಅಂಗಿ ತೊಟ್ಟು, ಒಂದೇ ತರಹದ ಚೀಲ ಹೆಗಲಿಗೇರಿಸಿ, ಮನೆಮನೆಯ ಬಾಗಿಲು ತಟ್ಟಿ ದೇವರ ಮಾತು ಹೇಳುತ್ತಿದ್ದರು. ಕ್ರೈಸ್ತ ಸಭೆಯವರು ಇಬ್ಬರನ್ನೂ ಎರಡು ವರ್ಷದ ಸೇವೆಗೆಂದು ಈ ಪೇಟೆಗೆ ಕಳಿಸಿದ್ದರು. ಒಬ್ಬನನ್ನು ಬಿಟ್ಟು ಒಬ್ಬ ಎಲ್ಲಿಗೂ ಹೋಗಕೂಡದೆಂಬುದು ಕಟ್ಟಳೆ. ಹೆಚ್ಚಿನ ಮನೆಗಳಲ್ಲಿ ಕುಡಿಯಲು ನೀರು ಕೊಡುತ್ತಿದ್ದರು, ಒಂದೆರಡು ಮನೆಗಳಲ್ಲಿ ನಾಯಿ ಬಿಡುತ್ತಿದ್ದರು. ಕೇಳುವವರು ಕಡಿಮೆಯಾದರೂ ಬೈಯುವವರು ಅದಕ್ಕಿಂತ ಕಡಿಮೆ. ಗುಬ್ಬಿ ನೆಮ್ಮದಿಯಾಗಿಯೇ ಇದ್ದ.

ಊರಿಂದ ಬಂದ ಮೇಲೆ ಒಂದು ಸಲವೂ ಅವನು ತಲೆಗೂದಲು ಕತ್ತರಿಸಿಕೊಂಡಿರಲಿಲ್ಲ. ಮಳೆಗಾಲದ ಮೊದಲಲ್ಲಿ ಬಂದವನು, ಈಗ ಕ್ರಿಸ್‌ಮಸ್ ಬಾಗಿಲಿಗೆ ಬಂದಿತ್ತು. ಕೂದಲು ಕಿವಿ ಮುಚ್ಚಿ ಕಾಲರಿನ ಮೇಲೆ ಮಲಗಿತ್ತು.

"ನಾಳೆ ಬೆಳಿಗ್ಗೆ ದೊಡ್ಡಯ್ಯ ಬರ್ತಾರೆ," ಎಂದ ಗಂಟೆ. ದೊಡ್ಡಯ್ಯ ಎಂದರೆ ಅವರಿಬ್ಬರ ಮೇಲ್ವಿಚಾರಣೆಯ ಹಿರಿಯರು. "ಎಲ್ಲರ ಮುಂದೆ ನಿಂತು ಯೇಸು ಹುಟ್ಟಿದ ಕತೆ ಓದೋನು ನೀನು. ಈ ತಲೆ ನೋಡಿದ್ರೆ ಕುರುಬರ ಪೈಕಿ ಒಬ್ಬ ದಾರಿತಪ್ಪಿ ಬಂದ ಅಂದ್ಕೋತಾರೆ. ಹೋಗಿ ಕಟಿಂಗ್ ಮಾಡಿಸ್ಕೋ ಮಾರಾಯ."

ಗುಬ್ಬಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅವನ ಸಂಕಟ ಗಂಟೆಗೆ ಹೇಳುವಂಥದ್ದಲ್ಲ. ಅವನ ಅಪ್ಪನದು ಊರಿನ ಬಸ್ ನಿಲ್ಲುವ ಕಡೆ, ಮನೆಯ ಮುಂಗೋಣೆಯಲ್ಲೇ ಒಂದು ಕಟಿಂಗ್ ಶಾಪು, ಎರಡು ಕುರ್ಚಿಯದು. ಒಂದು ಅಪ್ಪನದು, ಇನ್ನೊಂದು ಗುಬ್ಬಿಯದು. ಹುಟ್ಟಿದಾಗಿನಿಂದ ಅವನ ತಲೆಗೆ ಅಪ್ಪನ ಕೈ ಬಿಟ್ಟು ಬೇರೆ ಕೈ ತಾಗಿರಲಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಊರಿಗೆ ಊರೇ ಬಂದು ಕೂರುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಅಪ್ಪ ಅವನನ್ನು ಕೂರಿಸಿಕೊಂಡು, "ಚರ್ಚಲ್ಲಿ ಹಿಂದೆ ಕೂತೋರಿಗೆ ಕಾಣೋದು ನಿನ್ನ ಹಿಂದಲೆ ಕಣೋ. ಅದೇ ನನ್ನ ಅಂಗಡಿ ಬೋರ್ಡು," ಎನ್ನುತ್ತಿದ್ದರು.

ಹಾಗಿದ್ದ ಅಪ್ಪ ಅವನು ಸೇವೆಗೆ ಹೊರಟ ಮೇಲೆ ಮಾತೇ ಕಡಿಮೆ ಮಾಡಿದ್ದರು. ವಾರಕ್ಕೊಮ್ಮೆ ಫೋನು ಮಾಡಿದರೆ "ಊಟ ಆಯ್ತಾ?" ಎನ್ನುವುದು, "ಆಯ್ತಪ್ಪ" ಎಂದ ಕೂಡಲೇ "ತಗೋ, ಅಮ್ಮನ ಕೈಗೆ ಕೊಡ್ತೀನಿ" ಎನ್ನುವುದು. ಎರಡನೆಯ ಕುರ್ಚಿ ಖಾಲಿ ಮಾಡಿ ಬಂದದ್ದು ಅಪ್ಪನಿಗೆ ಒಳಗೊಳಗೇ ಚುಚ್ಚುತ್ತಿದೆ ಎಂದು ಗುಬ್ಬಿಗೆ ಖಾತ್ರಿಯಾಗಿತ್ತು. ಕೂದಲಲ್ಲಿ ಅಪ್ಪ ತೆಗೆದ ಆಕಾರ ಇನ್ನೂ ಅಷ್ಟಿಷ್ಟು ಉಳಿದಿತ್ತು. ಬೇರೆಯವರ ಕೈಗೆ ತಲೆ ಕೊಟ್ಟರೆ ಅದೂ ಹೋಯಿತಲ್ಲ ಎಂಬುದು ಅವನ ಸಂಕಟ.

ಕಡೆಗೆ ಗಂಟೆಯ ಕಾಟ ತಡೆಯಲಾರದೆ, "ಹಿಂದೆ ಒಂಚೂರು ಮಟ್ಟ ಮಾಡು ಸಾಕು," ಎಂದು ಕತ್ತರಿ ಅವನ ಕೈಗೇ ಕೊಟ್ಟ. ಗಂಟೆ ಹಳ್ಳಿಯವನು, ಕುರಿಯ ತುಪ್ಪಟ ಕತ್ತರಿಸಿ ಗೊತ್ತಿದ್ದವನು. ಎಡಗಡೆ ಒಂದು ಕಡಿತ ಹೆಚ್ಚಾಯಿತು. ಅದಕ್ಕೆ ಸರಿಹೊಂದಿಸಲು ಬಲಗಡೆ ಒಂದು. ಅದು ಜಾಸ್ತಿಯಾಯಿತೆಂದು ಮತ್ತೆ ಎಡಗಡೆ. ಆಮೇಲೆ ಅವನ ಗಂಟಲಿಂದ ದನಿಯೇ ಹೊರಡಲಿಲ್ಲ. ಗಂಟೆ ಸುಮ್ಮನಾದನೆಂದರೆ ಏನೋ ಕೆಟ್ಟಿದೆ ಎಂದು ಗುಬ್ಬಿಗೆ ಗೊತ್ತು. ಅವನು ಕೈ ಹಿಂದೆ ಹಾಕಿ ತಡವಿದ. ಹಿಂದಲೆಯಲ್ಲಿ ಮೆಟ್ಟಿಲು ಎದ್ದಿದ್ದವು.

"ಅಂಥಾದ್ದೇನೂ ಆಗಿಲ್ಲ," ಎಂದ ಗಂಟೆ ತಗ್ಗಿದ ದನಿಯಲ್ಲಿ. "ಟೋಪಿ ಹಾಕ್ಕೊಂಡು ಓದಬಹುದು."

ಇನ್ನು ಬೇರೆ ದಾರಿ ಇರಲಿಲ್ಲ. ಸಂತೆಬೀದಿಯ ಮೂಲೆಯಲ್ಲಿ ಒಂದು ಕಟಿಂಗ್ ಶಾಪು. ಮಾಲೀಕ ನರೆತ ಮೀಸೆಯ ಒಣಕಲು ಮನುಷ್ಯ. ಇವರ ಕರಪತ್ರಗಳನ್ನು ಯಾವತ್ತೂ ಬೇಡವೆನ್ನದೆ ತೆಗೆದುಕೊಂಡು, ಕೆನ್ನೆ ಹೆರೆದ ನೊರೆಯನ್ನು ಬ್ಲೇಡಿನಿಂದ ಒರೆಸಲು ಬಳಸುತ್ತಿದ್ದ. ಆ ದಿನ ಬೆಂಚಿನ ತುಂಬ ಜನ ಕೂತಿದ್ದರು. ಗುಬ್ಬಿ ಒಳಗೆ ಕಾಲಿಟ್ಟದ್ದೇ ಮಾಲೀಕ ಕತ್ತರಿ ನಿಲ್ಲಿಸಿ ಕನ್ನಡಿಯಲ್ಲೇ ನೋಡಿದ.

"ಏನು ತಮ್ಮಾ, ಹುಲ್ಲಿನ ಬಣವೆ ಅಂತ ಎಮ್ಮೆ ಬಾಯಿ ಹಾಕ್ತಾ?"

ಬೆಂಚೆಲ್ಲ ನಕ್ಕಿತು. ಗಂಟೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಕಾಯೋದಾದ್ರೆ ಕಾಯಿ. ನನ್ನವು ಎರಡೇ ಕೈ," ಎಂದ ಮಾಲೀಕ.

ಗುಬ್ಬಿ ಕೂರಲಿಲ್ಲ. ಕೂತು ಕಾಯುವುದು ಅವನಿಗೆ ಅಭ್ಯಾಸವಿಲ್ಲ, ಕಟಿಂಗ್ ಶಾಪಿನಲ್ಲಿ ಅವನು ಎಂದೂ ಗಿರಾಕಿಯಾಗಿರಲಿಲ್ಲ. ಬಟ್ಟಲಲ್ಲಿ ಬ್ರಷ್ಷು ಅದ್ದಿ, ನೊರೆ ಎಬ್ಬಿಸಿ, ಕ್ಷೌರಕ್ಕೆ ಕೂತಿದ್ದ ಅಜ್ಜನೊಬ್ಬನ ಕೆನ್ನೆಗೆ ಹಚ್ಚತೊಡಗಿದ. ಮಾಲೀಕ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದ.

"ಯಾರ ಮಗ ನೀನು?"

"ನಮ್ಮಪ್ಪಂದೂ ಇದೇ ಕೆಲಸ."

"ಮತ್ತೆ ಹೇಳ್ಬಾರ್ದಾ? ಇಷ್ಟು ದಿನ ಪರಲೋಕದ ವಿಷಯ ಹೇಳ್ತಾ ತಿರುಗಿದೆಯಲ್ಲ, ಕೆಲಸಕ್ಕೆ ಬರೋ ಮಾತು ಒಂದಾದ್ರೂ ಹೇಳಿದೆಯಾ?"

ಮಧ್ಯಾಹ್ನವೆಲ್ಲ ಹಾಗೇ ಹೋಯಿತು. ಮಾಲೀಕ ಕತ್ತರಿಸಿದ, ಗುಬ್ಬಿ ನೊರೆ ಹಚ್ಚಿದ, ಬಟ್ಟೆ ಕೊಡವಿದ, ಕುತ್ತಿಗೆಗೆ ಪೌಡರು ಬಳಿದ. ಗಂಟೆ ಕೂದಲು ಗುಡಿಸಿದ. ನಡುವೆ ಒಮ್ಮೆ ಅವನು ಗುಬ್ಬಿಯ ಕಿವಿಯಲ್ಲಿ, "ಈಗ ಹೇಳೋ ದೇವರ ಮಾತು. ಮುಖದ ತುಂಬ ನೊರೆ ಇದೆ, ಎದ್ದು ಓಡಿಹೋಗೋ ಹಾಗಿಲ್ಲ," ಎಂದ. ಗುಬ್ಬಿ ಬೇಡವೆಂದು ತಲೆಯಾಡಿಸಿದ. ಕುರ್ಚಿಯಲ್ಲಿ ಕೂತವನದು ಮಾತು, ನಿಂತವನದು ಕಿವಿ. ಅಪ್ಪನ ಅಂಗಡಿಯ ರೀತಿ ಅದು. ಅಜ್ಜ ತನ್ನ ಎತ್ತಿನ ಕಾಲುನೋವಿನ ಕತೆ ಹೇಳಿದ, ಗುಬ್ಬಿ ಹೂಂಗುಟ್ಟುತ್ತ ಕೇಳಿದ. ಆ ನೊರೆಯ ವಾಸನೆಗೆ ಅವನ ಎದೆ ಹಗುರವಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಬೆಂಚು ಖಾಲಿಯಾಯಿತು. "ಬಾ, ಕೂರು," ಎಂದು ಮಾಲೀಕ ಬಟ್ಟೆ ಹೊದಿಸಿ, ಕೂದಲು ಎತ್ತೆತ್ತಿ ನೋಡಿದ. "ಎರಡು ಸುಳಿ. ಎರಡು ಮದುವೆ ಗ್ಯಾರಂಟಿ."

"ಸೇವೆ ಮುಗಿಯೋವರೆಗೂ ಒಂದಕ್ಕೂ ಅಪ್ಪಣೆ ಇಲ್ಲ," ಎಂದ ಗಂಟೆ.

ಮಾಲೀಕ ನಗಲಿಲ್ಲ. ಬಾಚಣಿಗೆ ಹಿಡಿದು ಹಿಂದೆ ಸರಿದು ನಿಂತ. "ಹುಡುಗಾಟ ಅಲ್ಲ ಇದು. ಎರಡು ಸುಳಿ, ಅದರ ಮೇಲೆ ನಿನ್ನ ಗೆಳೆಯನ ಕೈಚಳಕ. ತಪ್ಪು ಕಡೆಯಿಂದ ಹಿಡಿದ್ರೆ ಕೋಳಿ ಜುಟ್ಟಿನ ಹಾಗೆ ಎದ್ದು ನಿಲ್ತದೆ. ನಿಮ್ಮಪ್ಪ ಹೇಗೆ ಹಿಡೀತಾರೆ?"

"ನನಗೆ ಹೇಗೆ ಕಾಣ್ಬೇಕು? ನನ್ನ ಹಿಂದಲೆ."

"ಅದೂ ಸರಿ. ಫೋನ್ ಮಾಡು ಅವರಿಗೆ."

ಗುಬ್ಬಿ ಹಿಂಜರಿದ. ಇವತ್ತು ಅಂಗಡಿ ತುಂಬಿರುತ್ತದೆ, ಅಪ್ಪ ಒಂಟಿ. ಮಾಲೀಕ ಬಿಡಲಿಲ್ಲ. ಫೋನಿನ ಸ್ಪೀಕರು ಹಾಕಿಸಿ ಕನ್ನಡಿಯ ಮುಂದೆ ನಿಲ್ಲಿಸಿದ.

"ಊಟ ಆಯ್ತಾ?" ಎಂದಿತು ಅಪ್ಪನ ದನಿ. "ತಡಿ, ಅಮ್ಮನ ಕೈಗೆ…"

"ಅಮ್ಮನ ಕೈಗೆ ಬೇಡ ಅಣ್ಣಾ, ನಿಮ್ಮ ಕೈದೇ ಕೆಲಸ," ಎಂದ ಮಾಲೀಕ. "ನಾನೂ ನಿಮ್ಮ ಕಸುಬಿನವನೇ. ನಿಮ್ಮ ಮಗನ ತಲೆ ನನ್ನ ಮುಂದೆ ಕೂತಿದೆ. ಈ ಸುಳಿಗಳನ್ನ ಎಲ್ಲಿಂದ ಹಿಡಿಯೋದು?"

ಈ ಸಲ ಅಪ್ಪನ ದನಿ ಬೇರೆಯೇ ಆಗಿ ಬಂತು, ಗಿರಾಕಿ ತುಂಬಿದ ದಿನದ ದನಿ.

"ಮೆಷಿನ್ ಮುಟ್ಟಿಸ್ಬೇಡಿ ಯಜಮಾನ್ರೇ. ಕತ್ತರಿಯಲ್ಲೇ ಹೋಗಿ. ಬಲಗಡೆ ಸುಳಿ ಸಾಧು, ಹೇಳಿದ ಹಾಗೆ ಕೇಳ್ತದೆ. ಎಡಗಡೆಯದು ಮೊಂಡ. ಅದನ್ನ ಕೆಳಗಿನಿಂದ ಹಿಡೀರಿ. ನೀರು ಜಾಸ್ತಿ ಬೇಡ."

ಮಾಲೀಕ ಕತ್ತರಿ ಆಡಿಸಿದ. ಅಪ್ಪ ಕೇಳುತ್ತ ಹೇಳುತ್ತ ಹೋದರು. ಬಾಚಣಿಗೆ ಯಾವುದು ಎಂದರು, ಕತ್ತರಿ ಸಾಣೆ ಹಿಡಿಸಿ ಎಷ್ಟು ದಿನವಾಯಿತು, ಸದ್ದು ಮಂದ ಇದೆ ಎಂದರು. ಮಾಲೀಕ ಅದನ್ನು ಒಪ್ಪಲಿಲ್ಲ. ಇಬ್ಬರೂ ಅವನ ತಲೆಯ ಮೇಲೆ ವಾದ ಮಾಡಿದರು. ಗುಬ್ಬಿ ಕಣ್ಣು ಮುಚ್ಚಿಕೊಂಡಿದ್ದ. ಊರು ಬಿಟ್ಟ ಮೇಲೆ ಅಪ್ಪನ ಇಷ್ಟು ಮಾತು ಅವನು ಕೇಳಿರಲಿಲ್ಲ.

ಮಾಲೀಕನ ಕೈ ಇದ್ದಕ್ಕಿದ್ದಂತೆ ನಿಂತಿತು. ಅವನು ಫೋನಿನತ್ತ ಬಗ್ಗಿದ.

"ಅಣ್ಣಾ, ನನ್ನ ಕತ್ತರಿ ನಿಂತಿದೆ. ಆದ್ರೂ ಕತ್ತರಿ ಸದ್ದು ಕೇಳ್ತಿದೆ. ನೀವು ನನ್ನ ಹತ್ರ ಮಾತಾಡ್ತಿದೀರಿ. ಅಲ್ಲಿ ಕತ್ತರಿಸ್ತಿರೋದು ಯಾರು?"

ಗುಬ್ಬಿ ಕಣ್ಣು ಬಿಟ್ಟ. ಕಚ್ ಕಚ್ ಎಂದು ದೂರದಲ್ಲಿ, ಊರಿನ ಅಂಗಡಿಯಲ್ಲಿ, ಒಂದು ಕತ್ತರಿ ನಡೆಯುತ್ತಿತ್ತು.

"ಒಬ್ಬನ್ನ ಇಟ್ಕೊಂಡಿದೀನಿ," ಎಂದರು ಅಪ್ಪ, ಸಿಕ್ಕಿಬಿದ್ದವರ ಹಾಗೆ. "ಪಕ್ಕದ ಮನೆಯವರ ಅಳಿಯ. ಅತ್ತೆಮನೇಲಿ ಸುಮ್ನೆ ಕೂತಿದ್ದ. ಮಗ ಊರು ಬಿಟ್ಟ ತಿಂಗಳಲ್ಲೇ… ಆ ಎರಡನೇ ಕುರ್ಚಿಗೆ. ಮಗನಿಗೆ ಹೇಳಿರ್ಲಿಲ್ಲ. ಬೆನ್ನು ತಿರುಗಿಸಿದ್ದೇ ತಡ ನನ್ನ ಜಾಗ ಕೊಟ್ಬಿಟ್ರಲ್ಲ ಅಂದ್ಕೋತಾನೇನೋ ಅಂತ, ಬಾಯಿಗೆ ಬರ್ತಿತ್ತು, ನುಂಗ್ತಿದ್ದೆ."

"ಅದಕ್ಕಾ ಅಪ್ಪಾ ಫೋನು ಅಮ್ಮನ ಕೈಗೆ ಕೊಡ್ತಿದ್ದದ್ದು?"

"ಮತ್ತಿನ್ನೇನು? ಮಾತು ಬೆಳೆದ್ರೆ ಅಂಗಡಿ ವಿಷಯ ಬರ್ತದಲ್ಲ."

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಮಾಲೀಕ ಅವನ ತಲೆಯನ್ನು ಗಟ್ಟಿಯಾಗಿ ಹಿಡಿದ. "ಅಲ್ಲಾಡ್ಬೇಡ, ಮೊಂಡ ಸುಳಿಯಲ್ಲಿದೀನಿ."

"ಕುರ್ಚಿ ಖಾಲಿ ಬಿದ್ದಿದೆ ಅಂತ ನಾನಿಲ್ಲಿ ಕೊರಗ್ತಿದ್ದೆನಪ್ಪಾ," ಎಂದ ಗುಬ್ಬಿ. "ಹೇಗಿದೆ ಅವನ ಕೈ?"

"ಕೈ ಪರವಾಗಿಲ್ಲ. ಬಾಯಿ ಜಾಸ್ತಿ. ನೀನು ಬಂದ್ಮೇಲೆ ಕಿಟಕಿ ಪಕ್ಕ ಮೂರನೇ ಕುರ್ಚಿ ಹಾಕೋಣ ಬಿಡು. ಯಜಮಾನ್ರೇ, ಹಿಂದಲೆಯದು ಒಂದು ಫೋಟೋ ಕಳಿಸಿ. ಆಗ ಹೇಳ್ತೀನಿ ನಿಮ್ಮ ಕತ್ತರಿ ವಿಷಯ."

"ಈಗ ಬೆಳಕಿಲ್ಲ. ನಾಳೆ ಹಗಲಲ್ಲಿ ತೆಗೆದು ಕಳಿಸ್ತೀನಿ," ಎಂದ ಮಾಲೀಕ, ಕೆಣಕಿದವರಿಗೆ ಉತ್ತರ ಕೊಡುವ ದನಿಯಲ್ಲಿ.

ಮರುದಿನ ಬೆಳಿಗ್ಗೆ ಬಾಡಿಗೆಯ ಕೋಣೆಯಲ್ಲಿ ಮಡಚುವ ಕುರ್ಚಿ ಹಾಕಿ ಸಭೆ ಸೇರಿತು. ನಾಲ್ಕಾರು ಮನೆಯವರು ಬಂದಿದ್ದರು, ದೊಡ್ಡಯ್ಯ ಮೊದಲ ಸಾಲಿನಲ್ಲಿ. ಗುಬ್ಬಿ ಎದ್ದು ನಿಂತು ಓದಿದ. ದನಿ ಸಣ್ಣದೇ, ಆದರೆ ಎಲ್ಲೂ ತಡವರಿಸಲಿಲ್ಲ. ಕುರುಬರು ಕೊಟ್ಟಿಗೆಗೆ ಬಂದ ಕಡೆ ಓದುವಾಗ ಬಾಗಿಲಲ್ಲಿ ನರೆತ ಮೀಸೆ ಕಾಣಿಸಿತು. ಮಾಲೀಕ ಒಳಗೆ ಬರಲಿಲ್ಲ. ಚಪ್ಪಲಿಯನ್ನೂ ಬಿಡಲಿಲ್ಲ. ಓದು ಮುಗಿಯುವವರೆಗೆ ಕಾದು, ಫೋನು ಮೇಲೆತ್ತಿ, ಇನ್ನೊಂದು ಕೈಯ ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ.

ತಿರುಗು ಎಂದು.

ಗುಬ್ಬಿ ಪುಸ್ತಕ ಮಡಚಿ, ದೊಡ್ಡಯ್ಯನಿಗೂ ಸಭೆಗೂ ಬೆನ್ನು ಮಾಡಿ ಗೋಡೆಯತ್ತ ನಿಂತ. ಪ್ರಾರ್ಥನೆಯ ರೀತಿಯೇ ಹೀಗಿರಬೇಕೆಂದುಕೊಂಡು ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ತಾನೂ ತಿರುಗಿ ನಿಂತಳು. ಗಂಟೆ ಗಟ್ಟಿಯಾಗಿ ಆಮೆನ್ ಎಂದುಬಿಟ್ಟ.

ಹಾಡು ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಫೋಟೋಗೆ ಊರಿನಿಂದ ಅಪ್ಪನ ಉತ್ತರ ಬಂತು. ಬಾಗಿಲಲ್ಲೇ ಲೋಟ ಹಿಡಿದು ನಿಂತಿದ್ದ ಮಾಲೀಕ ಕನ್ನಡಕ ಏರಿಸಿ ಓದಿದ. ಮುಖ ಗಂಟಿಕ್ಕಿತು.

"ಏನಂತೆ?" ಎಂದ ಗುಬ್ಬಿ.

"ಕೆಲಸ ಚೆನ್ನಾಗಿದೆಯಂತೆ. ಎಡಕಿವಿ ಹಿಂದೆ ಮಾತ್ರ ಇನ್ನೊಂದು ಎಳೆ ತೆಗೀಬಹುದಿತ್ತಂತೆ." ಅವನು ಚಹಾ ಲೋಟ ಕೆಳಗಿಟ್ಟು, ಅಂಗಿಯ ಜೇಬಿನಿಂದ ಕತ್ತರಿ ತೆಗೆದ. "ಬಗ್ಗು."