ಚೆಂಡು ಎಲ್ಲಿಗೆ ಹೋಯಿತು

ನನ್ನ ತಂಗಿಯ ಕಾಲು ಮೈದಾನದಲ್ಲಿ ಮುರಿದದ್ದು ಒಂದೇ ಸಲ. ಉಳಿದಷ್ಟೂ ಸಲ ಮುರಿದವರು ಟಿವಿಯವರು. ಮೊದಲನೆಯದನ್ನು ನಾನು ಕ್ಷಮಿಸಿದ್ದೇನೆ. ಅವಳ ಕಾಲಿಗೆ ಅಡ್ಡ ಬಿದ್ದ ಎದುರು ತಂಡದ ಹುಡುಗಿ ಆಸ್ಪತ್ರೆಗೆ ಬಂದು, ಮಂಚದ ಪಕ್ಕ ನಿಂತು ಅತ್ತು ಹೋದಳು. ಟಿವಿಯವರೂ ಬಂದಿದ್ದರು. ಅವರು ಬಂದದ್ದು ಅಳುವುದಕ್ಕಲ್ಲ, ಅಳಿಸುವುದಕ್ಕೆ.

ನನ್ನದು ಕ್ಷೌರದಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕನ್ನಡಿಯ ಮೇಲಿನ ಮೂಲೆಯಲ್ಲಿ ಟಿವಿ. ಹಿಂದುಗಡೆಯ ಪರದೆ ಸರಿಸಿದರೆ ನಮ್ಮ ಮನೆ. ಅಮ್ಮನಿಗೆ ಕಣ್ಣು ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ. ಬೆಳಕು ಯಾವ ಕಡೆ, ಬಾಗಿಲು ಯಾವ ಕಡೆ, ಅಷ್ಟು ಗೊತ್ತಾಗುತ್ತದೆ. ಅಂಗಡಿಯ ಟವೆಲ್ಲುಗಳನ್ನು ಮಡಿಸುವುದು ಅವಳ ಕೆಲಸ, ಬೇಡವೆಂದರೂ ಬಿಡುವುದಿಲ್ಲ. ತಂಗಿಯ ಪಂದ್ಯವಿದ್ದ ದಿನ ಟವೆಲ್ಲಿನ ಬುಟ್ಟಿಯನ್ನು ಪರದೆಯ ಹತ್ತಿರಕ್ಕೇ ಎಳೆದುಕೊಂಡು ಕೂರುತ್ತಾಳೆ. ಕಣ್ಣಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಅವಳು ಒಳಗಿನಿಂದಲೇ, "ಈಗ ಒದ್ದಿದ್ದು ನಮ್ಮೋಳಲ್ಲ" ಎನ್ನುತ್ತಾಳೆ. ಹೆಚ್ಚಿನ ಸಲ ಅವಳು ಹೇಳಿದ್ದೇ ಸರಿ.

ತಂಗಿಯನ್ನು ಮನೆಯಲ್ಲಿ ನಾವು ಕರೆಯುವುದು ಮಿಡತೆ ಎಂದು. ಚಿಕ್ಕವಳಿದ್ದಾಗ ಕೂತಲ್ಲಿ ಕೂತವಳಲ್ಲ, ನಿಂತಲ್ಲಿ ನಿಂತವಳಲ್ಲ. ಫುಟ್ಬಾಲ್ ಆಡಲು ಹೋದ ಮೇಲೆ ನನಗೆ ಅವಳನ್ನು ರೇಗಿಸುವುದಕ್ಕೆ ಒಂದು ವಿಷಯ ಸಿಕ್ಕಿತು. "ನಿನ್ನ ಬಲಗಾಲು ಬಂಗಾರ ಕಣೇ. ಎಡಗಾಲು ಮಾತ್ರ ಬರೀ ನಿಂತ್ಕೊಳ್ಳೋಕೆ" ಎನ್ನುತ್ತಿದ್ದೆ. ಹಟಮಾರಿ. ಬೆಳಿಗ್ಗೆ ನಾನು ಅಂಗಡಿ ತೆರೆಯುವ ಮೊದಲೇ ಎದ್ದು, ಮುಚ್ಚಿದ ಶಟರಿಗೆ ಎಡಗಾಲಿನಿಂದ ಚೆಂಡು ಒದೆಯಲು ಶುರು ಮಾಡಿದಳು. ಬೀದಿಯವರೆಲ್ಲ ಶಾಪ ಹಾಕಿದರು. ಮಧ್ಯೆ ಎಲ್ಲಾದರೂ ಬಲಗಾಲು ಬಳಸಿದರೆ ಒಳಗಿನಿಂದ ಅಮ್ಮನ ದನಿ ಬರುತ್ತಿತ್ತು: "ಅದು ಬಲಗಾಲು. ಮೋಸ ಮಾಡ್ಬೇಡ."

ಆವತ್ತು ನನ್ನ ಕುರ್ಚಿಯಲ್ಲಿ ಕೂತಿದ್ದವನು ಕಾಮೆಂಟ್ರಿ ಮಾಮ. ಪಕ್ಕದ ಬೀದಿಯವನು. ಟಿವಿಯಲ್ಲಿ ಏನು ಬಂದರೂ ಅದರ ಮೇಲೆ ತಾನೊಂದು ಮಾತಾಡದಿದ್ದರೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ. ಗದ್ದದ ಕೆಳಗೆ ಕತ್ತಿ ಇಟ್ಟಿದ್ದೆ, ಹಾಗಾಗಿ ನನ್ನ ಕಣ್ಣು ಟಿವಿಯ ಮೇಲಿರಲಿಲ್ಲ. "ಅಯ್ಯಯ್ಯೋ!" ಎಂದು ಅವನು ಹಾರಿಬಿದ್ದ. ಕತ್ತಿ ತೆಗೆದು ತಲೆ ಎತ್ತಿದೆ. ಮಿಡತೆ ನೆಲದ ಮೇಲಿದ್ದಳು. ಅವಳ ಬಲಪಾದ ಯಾವ ಪಾದವೂ ತಿರುಗಬಾರದ ಕಡೆಗೆ ತಿರುಗಿತ್ತು. ಗೋಲಿನ ಹಿಂದೆ ಮೈಕು ಇಟ್ಟಿದ್ದರಂತೆ. ಅದರೊಳಗಿಂದ ಅವಳ ಕೂಗು ನಮ್ಮ ಅಂಗಡಿಯೊಳಗೆ ಬಂದು ಬಿತ್ತು.

"ಅಮ್ಮಾ!"

ನಮ್ಮ ಮಾತಿನಲ್ಲಿ ನೋವಿಗೂ ತಾಯಿಗೂ ಒಂದೇ ಕೂಗು. ಮೊಮ್ಮಕ್ಕಳನ್ನು ಕಂಡ ಗಂಡಸೂ ಕಾಲಿಗೆ ಮೊಳೆ ಚುಚ್ಚಿದರೆ ಅಮ್ಮಾ ಎಂದೇ ಅನ್ನುತ್ತಾನೆ. ಅವನು ತಾಯಿಯನ್ನು ಕರೆಯುತ್ತಿದ್ದಾನೆ ಎಂದು ಯಾರೂ ಎದ್ದು ಓಡುವುದಿಲ್ಲ. ಆದರೆ ಈ ದನಿಯನ್ನು ಹೆತ್ತವಳು ಪರದೆಯ ಹಿಂದೆಯೇ ಕೂತಿದ್ದಳು.

"ಬಂದೆ" ಎಂದಳು ಅಮ್ಮ.

ಪರದೆ ಸರಿಸಿಕೊಂಡು, ಕೈಯಲ್ಲಿ ಅರ್ಧ ಮಡಿಸಿದ ಟವೆಲ್ ಹಿಡಿದುಕೊಂಡೇ ಬಂದಳು. "ಎಲ್ಲಿದಾಳೆ? ಕರೀತಿದಾಳಲ್ಲೋ" ಎಂದಳು. ನಾನು ಫೋನು ಹುಡುಕುತ್ತಿದ್ದೆ, ನೊರೆಯ ಕೈಗೆ ಅದು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಟಿವಿಯಲ್ಲಿ ಅದೇ ಮತ್ತೆ ಬಂತು. ಈ ಸಲ ನಿಧಾನವಾಗಿ, ಹತ್ತಿರದಿಂದ, ಪಾದ ಮಾತ್ರ. ಆಮೇಲೆ ಇನ್ನೊಂದು ಕಡೆಯಿಂದ. ಆಮೇಲೆ ಶಬ್ದದ ಸಮೇತ. ಪ್ರತಿ ಸಲ ಅಮ್ಮ "ಬಂದೆ, ಬಂದೆ" ಎಂದು ಟಿವಿಯ ಕಡೆಗೇ ಹೋದಳು. ಅವಳ ಹಣೆ ಕನ್ನಡಿಯ ಚೌಕಟ್ಟಿಗೆ ಬಡಿಯಿತು. ಕಾಮೆಂಟ್ರಿ ಮಾಮ ಏನು ಮಾಡುತ್ತಿದ್ದ ಗೊತ್ತೇ? ಕತ್ತು ಉದ್ದ ಮಾಡಿ, "ಸ್ವಲ್ಪ ತಡಿ, ಇನ್ನೊಂದು ಆಂಗಲ್ ತೋರಿಸ್ತಾರೆ" ಎಂದ. ಅವನನ್ನು ಅರ್ಧ ಗಡ್ಡದಲ್ಲೇ ಬೀದಿಗೆ ಅಟ್ಟಿದೆ. ಆ ಉಳಿದ ಕೆನ್ನೆಯನ್ನು ಯಾರು ಕೆರೆದರೋ ನನಗೆ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಮೂಳೆಗೆ ಸರಳು ಹಾಕಿದರು. ಡಾಕ್ಟರು ಕಾಲು ಉಳಿಯುತ್ತದೆ ಎಂದರು, ಆಟದ ಮಾತು ಎತ್ತಲಿಲ್ಲ. ಕಾಯುವ ಹಜಾರದಲ್ಲೂ ಒಂದು ಟಿವಿ. ಅದರಲ್ಲೂ ಅದೇ. ಕೆಳಗೆ ಒಂದು ಸಾಲು: ಮನಸ್ಸು ಗಟ್ಟಿಯಿಲ್ಲದವರು ನೋಡಬೇಡಿ. ನನ್ನ ಅಮ್ಮನಿಗೆ ಓದಲು ಕಣ್ಣಿಲ್ಲ, ಕೇಳಲು ಕಿವಿ ಇದೆ. ಕಿವಿಗೆ ಎಚ್ಚರಿಕೆ ಕೊಡುವ ಸಾಲನ್ನು ಯಾರು ಹಾಕಿದ್ದಾರೆ?

ಮಿಡತೆಗೆ ಪೂರ್ತಿ ಎಚ್ಚರವಾದಾಗ ಕೇಳಿದ ಮೊದಲ ಮಾತು ಕಾಲಿನದ್ದಲ್ಲ.

"ಅಣ್ಣ, ಬಾಲ್ ಎಲ್ಲಿಗೆ ಹೋಯ್ತು?"

"ಯಾವ ಬಾಲ್?"

"ನಾನು ಹೊಡೆದದ್ದು. ಎಡಗಾಲಲ್ಲಿ. ಬಲಗಾಲು ಊರಿ ಎಡಗಾಲಲ್ಲಿ ಹೊಡೆದೆ ಕಣೋ, ಅಷ್ಟು ದೂರದಿಂದ. ಆ ಹುಡುಗಿ ಬಂದು ಬಿದ್ದದ್ದು ಆಮೇಲೆ. ಗೋಲಾಗಿಲ್ಲ ಅಂತ ಗೊತ್ತು. ಹೊರಗೆ ಹೋಯ್ತಾ? ಅವರ ಕೀಪರ್ ಹಿಡಿದ್ಳಾ?"

ನನಗೆ ಗೊತ್ತಿರಲಿಲ್ಲ. ಅವಳ ತಂಡದವರನ್ನು ಕೇಳಿದೆ. "ಬಾಲ್ ಯಾರು ನೋಡಿದ್ರು ಅಣ್ಣ, ಎಲ್ಲರೂ ಇವಳ ಕಡೆ ಓಡಿದ್ವಿ" ಎಂದರು. ಕಾಮೆಂಟ್ರಿ ಮಾಮನನ್ನೂ ಕೇಳಿದೆ, ಮರ್ಯಾದೆ ಬಿಟ್ಟು. ಪಾದ ಎಷ್ಟು ಡಿಗ್ರಿ ತಿರುಗಿತು ಎಂದು ಕೈಯಲ್ಲಿ ಮಾಡಿ ತೋರಿಸಿದ. ಚೆಂಡಿನ ವಿಷಯಕ್ಕೆ ಪಿಳಿಪಿಳಿ ಕಣ್ಣು ಬಿಟ್ಟ. ಫೋನಿನಲ್ಲಿ ಬರುತ್ತಿದ್ದ ತುಣುಕುಗಳೆಲ್ಲ ಬೂಟು ಮೂಳೆಗೆ ತಾಗುವಲ್ಲಿಂದಲೇ ಶುರುವಾಗುತ್ತಿದ್ದವು. ಅದಕ್ಕೆ ಮುಂಚೆ ನನ್ನ ತಂಗಿ ಆಟ ಆಡುತ್ತಿದ್ದಳು ಎನ್ನುವುದೇ ಅವುಗಳಲ್ಲಿ ಇರಲಿಲ್ಲ.

ನಾನು ಅಂಗಡಿಯ ಟಿವಿಯನ್ನು ಕಿತ್ತು ಅಟ್ಟಕ್ಕೆ ಹಾಕಿದೆ. ಏನು ಪ್ರಯೋಜನ? ಎದುರಿಗೆ ಮೊಬೈಲ್, ಟಿವಿ ಮಾರುವ ಅಂಗಡಿ. ಅದರ ಮಾಲೀಕನನ್ನು ಬೀದಿಯವರು ಚಾರ್ಜರ್ ಎನ್ನುತ್ತಾರೆ. ಅವನ ಗಾಜಿನ ಹಿಂದೆ ನನ್ನ ಬಾಗಿಲಿನಷ್ಟು ದೊಡ್ಡ ಪರದೆ. ಚಾನೆಲ್ಲಿನವರು ಮುಂದಿನ ಟೂರ್ನಿಗೆ ಒಂದು ಜಾಹೀರಾತು ಮಾಡಿದ್ದರು. ಕಪ್ಪು ಪರದೆ, ಡ್ರಮ್ಮಿನ ಸದ್ದು, ನನ್ನ ತಂಗಿಯ "ಅಮ್ಮಾ", ಮತ್ತೆ ಡ್ರಮ್ಮು. ಕೊನೆಗೆ ಅಕ್ಷರಗಳು: ನೋವಿಲ್ಲದೆ ಗೆಲುವಿಲ್ಲ. ಯಾರಪ್ಪನ ನೋವು, ಯಾರ ಗೆಲುವು! ಅದು ಬಂದಾಗಲೆಲ್ಲ ಒಳಗೆ ಅಮ್ಮ ಎದ್ದು ನಿಲ್ಲುತ್ತಿದ್ದಳು. "ಬಂದೆ."

"ಅದು ಟಿವಿ ಕಣಮ್ಮ" ಎಂದರೆ, "ಗೊತ್ತೋ. ನನಗೇನು ತಲೆ ಕೆಟ್ಟಿಲ್ಲ" ಎನ್ನುತ್ತಿದ್ದಳು. "ಅವಳು ಕರೆದಾಗ ಕೂತಿರೋಕೆ ಆಗಲ್ಲ, ಅಷ್ಟೇ." ಊಟಕ್ಕೆ ಕೂತವಳು ಎದ್ದರೆ ಮತ್ತೆ ತಟ್ಟೆಯ ಹತ್ತಿರ ಬರುತ್ತಿರಲಿಲ್ಲ. ಸೊರಗಿ ಅರ್ಧವಾದಳು.

ಮಿಡತೆಯನ್ನು ಮನೆಗೆ ಕಳಿಸುವ ದಿನ ಹತ್ತಿರ ಬಂತು. ಅವಳು ಆ ತುಣುಕನ್ನು ನೋಡಿರಲಿಲ್ಲ. "ನನ್ನ ಕೂಗನ್ನ ಮಾತ್ರ ನನಗೆ ಕೇಳಿಸ್ಬೇಡ ಅಣ್ಣ. ಅದನ್ನ ಕೇಳಿದ್ರೆ ನಾನು ಮತ್ತೆ ಚೆಂಡು ಮುಟ್ಟಲ್ಲ" ಎಂದಿದ್ದಳು. ಎದುರಿಗೆ ಚಾರ್ಜರನ ಗಾಜಿನಲ್ಲಿ ಅದೇ ಕೂಗು ಡ್ರಮ್ಮಿನ ಜೊತೆ ಕುಣಿಯುತ್ತಿತ್ತು. ನಾನು ಚಾನೆಲ್ಲಿನ ಕಚೇರಿಗೆ ಹೋದೆ.

ಮೆತ್ತನೆಯ ಕುರ್ಚಿ, ತಣ್ಣನೆಯ ಕೋಣೆ, ಗೋಡೆ ತುಂಬ ಪರದೆಗಳು. ಕ್ರೀಡಾ ವಿಭಾಗದ ಮುಖ್ಯಸ್ಥ ಎದ್ದು ಬಂದು ಕೈ ಕುಲುಕಿದ. ಬೆಣ್ಣೆಯಂಥ ಮಾತು.

"ನಿಮ್ಮ ತಂಗಿ ಈಗ ಮನೆಮಾತಾಗಿದಾರೆ ಸರ್. ಮೊದಲು ಮಹಿಳಾ ಫುಟ್ಬಾಲ್ ಯಾರು ನೋಡ್ತಿದ್ರು ಹೇಳಿ?"

"ಅವಳ ಆಟ ಯಾರು ನೋಡಿದ್ರು? ಮೂಳೆ ನೋಡಿದ್ರು."

"ಫೌಲ್ ಹೌದೋ ಅಲ್ವೋ ಅಂತ ತೋರಿಸ್ಬೇಕಾಗುತ್ತೆ. ಮುಚ್ಚಿಟ್ರೆ ನಾಳೆ ಯಾವ ಆಟಗಾರರಿಗೂ ನ್ಯಾಯ ಸಿಗಲ್ಲ."

ಆ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. "ರೆಫರಿಗೆ ತೋರಿಸಿ" ಎಂದೆ. "ಡಾಕ್ಟರಿಗೆ ತೋರಿಸಿ. ರೂಲ್ ಬರೆಯೋರಿಗೆ ನೂರು ಸಲ ತೋರಿಸಿ. ಡ್ರಮ್ ಬಾರಿಸಿದ್ದು ಯಾವ ರೆಫರಿಗೆ?"

ಅವನು ಕುರ್ಚಿಯನ್ನು ಮುಂದೆ ಎಳೆದುಕೊಂಡು ದನಿ ತಗ್ಗಿಸಿದ. "ಒಂದು ಕೆಲಸ ಮಾಡೋಣ. ಜಾಹೀರಾತಿಂದ ಆ ಕೂಗು ತೆಗೆಸ್ತೀನಿ. ನೀವೊಂದು ಸಹಾಯ ಮಾಡಿ. ನಿಮ್ಮ ತಂಗಿ ಇನ್ನೂ ನೋಡಿಲ್ಲ ಅಂತ ಕೇಳಿದೆ, ಮೊದಲ ಸಲ ಆ ದೃಶ್ಯ ನೋಡ್ತಾರಲ್ಲ, ಅದನ್ನ ನಾವು ಶೂಟ್ ಮಾಡ್ತೀವಿ. ಬರೀ ಅವರ ಮುಖ. ಪಕ್ಕದಲ್ಲಿ ತಾಯಿ ಇದ್ರೆ ಇನ್ನೂ ಒಳ್ಳೇದು."

ಪಿತ್ತ ನೆತ್ತಿಗೇರಿತು. ಅವನ ಕೊರಳಪಟ್ಟಿಗೆ ಕೈ ಹಾಕಲು ನನಗೆ ಒಂದು ಉಸಿರು ಸಾಕಿತ್ತು. ಏಕೆ ಹಾಕಲಿಲ್ಲವೆಂದರೆ ಅಲ್ಲಿ ಮೂಲೆಯಲ್ಲಿ ಒಂದು ಕ್ಯಾಮರಾ ಇತ್ತು. ಹಾಕಿದ್ದರೆ ಅದನ್ನೂ ನಿಧಾನವಾಗಿ ತೋರಿಸುತ್ತಿದ್ದರು, ಬೇರೆ ಬೇರೆ ಕಡೆಯಿಂದ. ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದೆ, "ಅವಳು ನೋಡೋಕೆ ಇಷ್ಟಪಡೋದು ಒಂದೇ ಇದೆ. ಬಾಲ್ ಎಲ್ಲಿಗೆ ಹೋಯ್ತು? ಅದನ್ನ ತೋರಿಸಿ."

ಅವನಿಗೆ ಅರ್ಥವಾಗಲಿಲ್ಲ. ಪಕ್ಕದ ಕೋಣೆಯಿಂದ ಸಂಕಲನ ಮಾಡುವ ಹೆಂಗಸನ್ನು ಕರೆದ. ಕುತ್ತಿಗೆಗೆ ಹೆಡ್‌ಫೋನು ಹಾಕಿಕೊಂಡಿದ್ದ ಆಕೆ ಹುಡುಕಿ ಹುಡುಕಿ ತಲೆಯಾಡಿಸಿದಳು. "ಆ ಮ್ಯಾಚ್ ಪೂರ್ತಿ ಇಟ್ಟಿಲ್ಲ ಸರ್. ಜಾಗ ಸಾಲಲ್ಲ ಅಂತ ಅಳಿಸಿದೀವಿ. ಮುಖ್ಯವಾದ್ದು ಮಾತ್ರ ಇಟ್ಕೊಂಡಿದೀವಿ."

ಮುಖ್ಯವಾದ್ದು! ಬೆಳಗಿನ ಚಳಿಯಲ್ಲಿ ಶಟರಿಗೆ ಒದ್ದು ಒದ್ದು ಕಲಿತ ಎಡಗಾಲು ಅಳಿಸಿ ಹೋಗಿತ್ತು. ಮುರಿದ ಬಲಗಾಲು ಭದ್ರವಾಗಿತ್ತು, ಎಲ್ಲ ಕೋನಗಳಿಂದ. ಬಾಯಿಗೆ ಬಂದದ್ದನ್ನೆಲ್ಲ ಬೈದು ಬಂದೆ. ಬೈದದ್ದರಲ್ಲಿ ಒಂದು ಮಾತನ್ನೂ ಇಲ್ಲಿ ಬರೆಯುವ ಹಾಗಿಲ್ಲ, ಒಂದು ಮಾತಿಗೂ ನನಗೆ ಪಶ್ಚಾತ್ತಾಪವಿಲ್ಲ. ಜಾಹೀರಾತು ಮಾತ್ರ ನಿಲ್ಲಲಿಲ್ಲ.

ಮಿಡತೆಯನ್ನು ಕರೆತಂದ ದಿನ ಆ ಚಾನೆಲ್ ಹಾಕಬೇಡ ಎಂದು ಚಾರ್ಜರನಿಗೆ ಮೊದಲೇ ಹೇಳಿದ್ದೆ. "ಆಯ್ತಣ್ಣ, ಅಷ್ಟೂ ಗೊತ್ತಾಗಲ್ವಾ ನನಗೆ" ಎಂದಿದ್ದ. ಅವಳು ಊರುಗೋಲಿನ ಮೇಲೆ ಅಂಗಡಿಯೊಳಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿದಳು. ಅಮ್ಮ ಅವಳ ತಲೆಯಿಂದ ಶುರು ಮಾಡಿ ಭುಜ, ಕೈ, ಬೆರಳು ಎಲ್ಲ ಸವರಿದಳು. ಕಾಲಿನ ಹತ್ತಿರ ಬಂದಾಗ ಕೈ ನಿಲ್ಲಿಸಿದಳು. "ಮುಟ್ಟಮ್ಮ, ನೋಯಲ್ಲ" ಎಂದಳು ಮಿಡತೆ. ಅದು ಸುಳ್ಳು ಎಂದು ಮೂವರಿಗೂ ಗೊತ್ತಿತ್ತು.

ಆಗ ಎದುರಿಗೆ ಡ್ರಮ್ಮು ಬಡಿಯಿತು. ಗಿರಾಕಿಗೆ ಹೊಸ ಟಿವಿ ತೋರಿಸುತ್ತಿದ್ದ ಚಾರ್ಜರನಿಗೆ ಯಾವ ಚಾನೆಲ್ ಬರುತ್ತದೆ ಎನ್ನುವುದರ ಮೇಲೆ ಗಮನವೇ ಇರಲಿಲ್ಲ. "ಅಮ್ಮಾ!" ಬೀದಿ ದಾಟಿ ಬಂತು.

ಅಮ್ಮ ಎದ್ದೇಬಿಟ್ಟಳು. "ಬಂದೆ" ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು, ಕೂಗಿದವಳು ಅವಳ ಕೈಯಡಿಯಲ್ಲೇ ಇದ್ದಳು. ಮಿಡತೆಯ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನಾನು ಕೈಗೆ ಸಿಕ್ಕ ನೀರಿನ ಬಾಟಲಿ ತೆಗೆದುಕೊಂಡು ಬಾಗಿಲಿಗೆ ನಡೆದೆ. ಆ ಪರದೆಯನ್ನು ಒಡೆಯುವುದೇ ಎಂದು ನಿರ್ಧಾರವಾಗಿತ್ತು.

"ಇದರಲ್ಲಿ ಅದಿಲ್ಲ" ಎಂದಳು ಅಮ್ಮ. "ಯಾವತ್ತೂ ಹಾಕಲ್ಲ ಅವರು."

"ಏನು?" ಎಂದಳು ಮಿಡತೆ.

"ಆ ಶಬ್ದ. ಮೊದಲನೇ ಸಲ ಇತ್ತು. ನೀನು ಒದ್ದೆ, ಎಡಗಾಲು. ಆಮೇಲೆ ಠಣ್ ಅಂತು. ಆಮೇಲೆ ನೀನು ಕರೆದೆ."

"ಠಣ್ ಅಂತಾ?"

"ಕಬ್ಬಿಣ. ನಮ್ಮ ಶಟರಿಗೆ ಬಡಿದ ಹಾಗಲ್ಲ, ಇನ್ನೂ ಗಟ್ಟಿ. ಆ ಠಣ್ ಅನ್ನೋದನ್ನ ಕತ್ತರಿಸಿ ಬಿಸಾಕಿದಾರೆ, ಹಾಳಾದೋರು."

ಮಿಡತೆ ಅಮ್ಮನ ಕೈ ಹಿಡಿದು ಎಳೆದಳು. "ಗೋಲ್ ಪೋಸ್ಟಾ? ಅಷ್ಟು ದೂರದಿಂದ ಪೋಸ್ಟಿಗೆ ಹೊಡೆದ್ನಾ? ಎಡಗಾಲಲ್ಲಿ?" ಎಂದು ನಗಲು ಹೋಗಿ ಅತ್ತಳು. ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೋ? ನಿಂತ್ಕೊಳ್ಳೋಕೆ ಮಾತ್ರ ಅಂತಿದ್ಯಲ್ಲ!" ಎಂದಳು. ನಾನೂ ಅತ್ತೆ. ಬಾಟಲಿ ಇನ್ನೂ ಕೈಯಲ್ಲೇ ಇತ್ತು.

ಆ ಗಲಾಟೆಯಲ್ಲಿ ಅಮ್ಮ ಹೊರಟದ್ದನ್ನು ನಾನು ನೋಡಲಿಲ್ಲ. ತಿರುಗಿದಾಗ ಅವಳು ಬೀದಿಯ ನಡುವೆ ಇದ್ದಳು, ಹೆಗಲ ಮೇಲೆ ಟವೆಲ್, ಎರಡು ಕೈಯನ್ನೂ ಮುಂದೆ ಚಾಚಿಕೊಂಡು. ಸ್ಕೂಟರಿನವನೊಬ್ಬ ಬ್ರೇಕು ಹಾಕಿ ಬೈದ. ಅವಳು ಅವನಿಗೆ ಸೊಪ್ಪು ಹಾಕಲಿಲ್ಲ. ಡ್ರಮ್ಮಿನ ಸದ್ದು ಹಿಡಿದುಕೊಂಡೇ ಹೋಗಿ, ಚಾರ್ಜರನ ಗಾಜಿಗೆ ಅಂಗೈಯಿಂದ ಬಡಿದಳು.

"ನನ್ನ ಮಗಳು ಮನೆಗೆ ಬಂದಿದಾಳೆ" ಎಂದಳು, ಬೀದಿಗೆಲ್ಲ ಕೇಳುವ ಹಾಗೆ. "ಇನ್ನು ಅವಳ ಬಾಯಲ್ಲಿ ನೀವು ನನ್ನ ಕರೀಬೇಡಿ."

ಚಾರ್ಜರ್ ರಿಮೋಟಿಗೆ ತಡಕಾಡಿದ. ಪರದೆ ಕಪ್ಪಾಯಿತು. ಅವನದ್ದೊಂದು ಕಪ್ಪಾದರೆ ಏನಾಯಿತು, ಮುಂದಿನ ಬೀದಿಯಲ್ಲಿ, ಆಸ್ಪತ್ರೆಯ ಹಜಾರದಲ್ಲಿ, ಎಲ್ಲರ ಜೇಬಿನಲ್ಲಿ ಅದು ಇನ್ನೂ ಕೂಗುತ್ತಲೇ ಇದೆ. ಆ ಮುಖ್ಯಸ್ಥ ತಣ್ಣನೆಯ ಕೋಣೆಯಲ್ಲಿ ಇನ್ನೂ ಕೂತಿದ್ದಾನೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮ್ಮ ಬೀದಿಯ ಆ ಬದಿಯಲ್ಲಿ, ನಮ್ಮ ಬಾಗಿಲು ಯಾವ ಕಡೆ ಎಂದು ತಿಳಿಯದೆ ನಿಂತಿದ್ದಳು. ನಾನು ಓಡುವ ಮೊದಲೇ ಮಿಡತೆ ಊರುಗೋಲು ಊರಿಕೊಂಡು ಹೊಸ್ತಿಲಿಗೆ ಬಂದಿದ್ದಳು.

"ಅಮ್ಮಾ!" ಎಂದು ಕರೆದಳು. "ಈ ಕಡೆ. ಗಾಡಿ ಬರ್ತಿದೆ, ನಿಧಾನ."

ಇದನ್ನು ಯಾರೂ ಚಿತ್ರೀಕರಿಸಲಿಲ್ಲ. ಇದರಲ್ಲಿ ಯಾರ ಮೂಳೆಯೂ ಮುರಿದಿರಲಿಲ್ಲ.

"ಬಂದೆ" ಎಂದಳು ಅಮ್ಮ.