ಮುನ್ನೂರು ಪರ್ಸೆಂಟ್, ಯಾವುದರ ಮೇಲೆ?

ಬೇಕರಿಯ ಓವನ್ ಬಾಗಿಲು ಮತ್ತೆ ಕಳಚಿಕೊಂಡಿತ್ತು. ಅದನ್ನು ತಂತಿಯಲ್ಲಿ ಬಿಗಿದು ಬಿಗಿದು ಯಜಮಾನನಿಗೆ ಸಾಕುಸಾಕಾಗಿತ್ತು. ಹೊಸ ಓವನ್ನಿಗೆಂದು ಗಂಡ ಹೆಂಡತಿ ಹೊಟ್ಟೆಬಟ್ಟೆ ಕಟ್ಟಿ ಒಂದು ಲಕ್ಷ ಕೂಡಿಟ್ಟಿದ್ದರು. ಇನ್ನೂ ಅಷ್ಟೇ ಬೇಕಿತ್ತು. ಆ ಹೊತ್ತಿಗೆ ಫೋನಿಗೊಂದು ಮೆಸೇಜು ಬಂತು: ಒಂದು ಕಂಪನಿ ಮುನ್ನೂರು ಪರ್ಸೆಂಟ್ ಡಿವಿಡೆಂಡ್, ಅಂದರೆ ಲಾಭದ ಪಾಲು, ಕೊಡುತ್ತಿದೆ, ಈ ವಾರವೇ ಷೇರು ಕೊಳ್ಳಿ. ಮನುಷ್ಯ ಹಿಟ್ಟಿನ ಕೈಯಲ್ಲೇ ಕುಣಿದಾಡಿಬಿಟ್ಟ.

“ಲಕ್ಷ ಹಾಕಿದ್ರೆ ಮೂರು ಲಕ್ಷ ಕಣೇ! ಓವನ್ ಬಂದು, ಹಿಟ್ಟು ಕಲಸೋ ಮಿಷನ್ನೂ ಬರುತ್ತೆ!”

“ಅಷ್ಟು ಸುಲಭ ಇದ್ದಿದ್ರೆ ಈ ಬೀದೀಲಿ ಯಾರು ಅಂಗಡಿ ಬಾಗಿಲು ತೆಗೀತಿದ್ರು?” ಎಂದಳು ಹೆಂಡತಿ, ಟ್ರೇ ಒರೆಸುತ್ತಾ. “ನಿಮ್ಮ ತಂಗೀನ ಒಂದು ಮಾತು ಕೇಳಿ.”

ತಂಗಿ ಶಾಲೆಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವವಳು. ಅವಳ ಬಳಿಯೂ ಷೇರುಗಳಿದ್ದವು. ಸಂಜೆ ಬ್ರೆಡ್ಡಿಗೆ ಬಂದವಳನ್ನು ಅಣ್ಣ ಹಿಡಿದು ಕೂರಿಸಿದ. ಅವನಿಗೆ ಬೇಕಾಗಿದ್ದುದು ಸಲಹೆಯಲ್ಲ, ಬರೀ ಒಂದು ‘ಹೂಂ’.

“ಮುನ್ನೂರು ಪರ್ಸೆಂಟ್ ಸರಿ, ಯಾವುದರ ಮೇಲೆ ಅಣ್ಣಾ?”

“ಯಾವುದರ ಮೇಲೆ ಅಂದ್ರೆ? ನಾನು ಹಾಕೋ ದುಡ್ಡಿನ ಮೇಲೆ!”

“ಅಲ್ಲ. ಷೇರಿಗೆ ಮುಖಬೆಲೆ ಅಂತ ಇರುತ್ತೆ, ಕಂಪನಿ ಮೊದಲೇ ಗೊತ್ತುಮಾಡಿಟ್ಟಿದ್ದು. ಪರ್ಸೆಂಟ್ ಲೆಕ್ಕ ಅದರ ಮೇಲೆ, ನೀನು ಕೊಡೋ ಬೆಲೆ ಮೇಲಲ್ಲ. ಮೆಸೇಜ್ ಬಿಡು, ಮೂಲದಲ್ಲೇ ನೋಡೋಣ.”

ಅವಳು ಷೇರುಪೇಟೆಯ ವೆಬ್‌ಸೈಟು ತೆರೆದು, ಕಂಪನಿಯ ಹೆಸರು ಹಾಕಿ, ಅದರ ಪ್ರಕಟಣೆಗಳನ್ನು ಒತ್ತಿದಳು. ಮುಖಬೆಲೆ ಒಂದು ರೂಪಾಯಿ. ಡಿವಿಡೆಂಡ್ ಷೇರೊಂದಕ್ಕೆ ಮೂರು ರೂಪಾಯಿ. ಪೇಟೆಯಲ್ಲಿ ಅದೇ ಷೇರಿನ ಬೆಲೆ ಐನೂರು! ಲೆಕ್ಕ ಹಾಕುತ್ತ ಹಾಕುತ್ತ ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು.

“ಲಕ್ಷಕ್ಕೆ ಬರೀ ಆರುನೂರಾ?”

“ಅದೂ ನಿನಗೆ ಸಿಗಲ್ಲ. ಇಲ್ಲಿ ನೋಡು, ಎಕ್ಸ್-ಡೇಟ್. ಆ ದಿನಕ್ಕಿಂತ ಮುಂಚೆ ಷೇರು ಕೊಂಡವರಿಗೆ ಮಾತ್ರ ಈ ಸಲದ ಡಿವಿಡೆಂಡ್. ಅದು ನಿನ್ನೆಯೇ ಆಗಿಹೋಯ್ತು. ಮುಂಚೆ ಕೊಂಡಿದ್ರೂ ಅಷ್ಟೇ, ಆ ದಿನ ಷೇರಿನ ಬೆಲೇನೂ ಸಾಮಾನ್ಯವಾಗಿ ಡಿವಿಡೆಂಡಿನಷ್ಟು ಇಳಿಯುತ್ತೆ.”

ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಕೂಡಿಟ್ಟ ಹಣ ಉಳಿಯಿತಲ್ಲ ಎಂದು ಜೀವ ತಣ್ಣಗಾಯಿತು.

ಅಷ್ಟರಲ್ಲಿ ಹೆಂಡತಿ ಮೆಲ್ಲಗೆ ಕೇಳಿದಳು: “ನಮ್ಮಪ್ಪ ನನ್ನ ಹೆಸರಲ್ಲಿ ಕೊಂಡಿದ್ದ ಷೇರು ಇದಾವಲ್ಲ, ಅದಕ್ಕೂ ಡಿವಿಡೆಂಡ್ ಬರುತ್ತಾ?”

ತಂಗಿ ಆ ಕಂಪನಿಯ ಹೆಸರನ್ನೂ ಹಾಕಿ ನೋಡಿದಳು. ವರ್ಷ ತಪ್ಪದೆ ಡಿವಿಡೆಂಡ್ ಕೊಟ್ಟಿತ್ತು. ಹೆಂಡತಿಯ ಪಾಸ್‌ಬುಕ್ಕಿನಲ್ಲಿ ಮಾತ್ರ ಅದರ ಬಿಡಿಗಾಸೂ ಬಂದಿರಲಿಲ್ಲ.

“ಷೇರಿಗೆ ಯಾವ ಬ್ಯಾಂಕ್ ಖಾತೆ ಕೊಟ್ಟಿದೀರಿ ಅತ್ತಿಗೆ?”

“ಮದುವೆಗೆ ಮುಂಚಿನದು. ಅದನ್ನ ಮುಚ್ಚಿ ಎಷ್ಟು ಕಾಲವಾಯ್ತು!”

“ಹಾಗಾದ್ರೆ ನಿಮ್ಮ ದುಡ್ಡು ನಿಮ್ಮನ್ನೇ ಹುಡುಕ್ತಾ ಇದೆ. ಹೊಸ ಖಾತೆ ನಂಬರ್ ಕೊಟ್ಟು ಕಂಪನಿಗೆ ಬರೆಯೋಣ.”

ಹೆಂಡತಿ ಗಂಡನ ಕಡೆ ತಿರುಗಿದಳು. “ಬರದೇ ಇರೋ ದುಡ್ಡಿಗೆ ಕುಣಿದ್ರಿ. ಬರಬೇಕಾಗಿದ್ದನ್ನ ನಾವಿಬ್ಬರೂ ಕೇಳಲೇ ಇಲ್ಲ.”

ಅಂದೇ ಮೂವರೂ ಕೂತು ಅರ್ಜಿ ಬರೆದರು. ಆ ಮೆಸೇಜನ್ನು ಅಣ್ಣ ತನ್ನ ಕೈಯಾರೆ ಅಳಿಸಿದ.

ನೀವೂ ಷೇರು ಕೊಳ್ಳುವ ಯೋಚನೆಯಲ್ಲಿದ್ದೀರಾ? ಪರ್ಸೆಂಟ್ ನೋಡಿ ಮರುಳಾಗಬೇಡಿ. ಷೇರೊಂದಕ್ಕೆ ಎಷ್ಟು ರೂಪಾಯಿ, ಎಕ್ಸ್-ಡೇಟ್ ಯಾವತ್ತು ಎಂದು ಷೇರುಪೇಟೆಯ ಇಲ್ಲವೇ ಕಂಪನಿಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಷೇರು ಈಗಾಗಲೇ ಇದ್ದರೆ, ಅದಕ್ಕೆ ಕೊಟ್ಟ ಬ್ಯಾಂಕ್ ಖಾತೆ ಇನ್ನೂ ಜೀವಂತವಾಗಿದೆಯೇ ಎಂದು ಇವತ್ತೇ ವಿಚಾರಿಸಿ. ನಿಮ್ಮ ಹಣವನ್ನು ನೀವು ಕೇಳದಿದ್ದರೆ ಇನ್ಯಾರು ಕೇಳಬೇಕು?