ಕಾವಲು ಪೆಟ್ಟಿಗೆಯ ನಿದ್ದೆ

ಸಿಂಧು ಬಳಿ ಪರೀಕ್ಷೆಗೆ ಆನೆ ಇರಲಿಲ್ಲ. ಕೋಟೆ ತಾಲೂಕಿನ ಕಾಡಂಚಲ್ಲಿ, ಬೆಳ್ಳಮ್ಮನ ಬಾಳೆತೋಟಕ್ಕೆ ಸಿಂಧು ಕೂರಿಸಿದ ಕ್ಯಾಮೆರಾ ಪೆಟ್ಟಿಗೆ ಬ್ಯಾಟರಿ ಉಳಿಸಲು ನಿದ್ದೆ ಮಾಡಬೇಕು. ಬೇಲಿ ತಂತಿ ಅಲ್ಲಾಡಿದರೆ ಎದ್ದು ನೋಡಿ, ಆನೆ ಕಂಡರೆ ಕೂಗಬೇಕು. ಅವಳೇ ತಂತಿ ಜಗ್ಗಿದಳು. ಪ್ರತಿ ಸಲವೂ ಪೆಟ್ಟಿಗೆಯ ದೀಪ ಹತ್ತಿ, ಆನೆ ಕಾಣದೆ ಆರಿತು.

“ಕಾವಲಿಗೆ ಬಂದದ್ದು ನಿದ್ದೆ ಮಾಡ್ತದಾ ಮೇಡಮ್ಮೋರೆ?” ಎಂದಳು ಬೆಳ್ಳಮ್ಮ.

“ಬೇಕಾದಾಗ ಏಳುತ್ತೆ ಕಣಮ್ಮ.”

“ನಮ್ಮೆಜಮಾನ್ರೂ ಅಂಗೇ ಅಂತಿದ್ರು ಬುಡಿ.”

ಮಾರನೇ ಬೆಳಿಗ್ಗೆ ಸಿಂಧು ಬಂದಾಗ ತಂತಿಗೆ ಒಂದು ಮೇಕೆ ಕಟ್ಟಿತ್ತು.

“ಅದು ಜಗ್ತಾ ಇದ್ರೆ ನಿಮ್ಮ ಪೆಟ್ಟಿಗೆ ಮಲಗಾಕಿಲ್ಲ ಅಂತ ನಾನೇ ಕಟ್ಟಿದ್ದು,” ಎಂದಳು ಬೆಳ್ಳಮ್ಮ.

ಪೆಟ್ಟಿಗೆ ಎಚ್ಚರವಾಗಿಯೇ ಇದ್ದು, ಬ್ಯಾಟರಿ ಮುಗಿದು ಸತ್ತಿತ್ತು. ಆನೆ ಬಂದದ್ದು ಆಮೇಲೆ. ಮೇಕೆಗೆ ಏನೂ ಆಗಿರಲಿಲ್ಲ. ಮೂವತ್ತೇಳು ಬಾಳೆಗಿಡ ಹೋಗಿದ್ದವು.